ಕಟ್ಟೆಗೆ ಹಿಟ್ಟು ಉದುರಿಸಿದ ದಿನ

ಹೊಳೆಯುವ ವಸ್ತುವಿನ ಮುಂದೆ ಮನುಷ್ಯ ಕಣ್ಣರಳಿಸುತ್ತಾನೆ, ಯಂತ್ರ ಕುರುಡಾಗುತ್ತದೆ ಎಂಬುದು ನನಗೆ ತಿಳಿದದ್ದು ಈಚೆಗೆ, ರಾವೂರಿನಲ್ಲಿ, ನನ್ನ ಅಕ್ಕ ಶಾಂತಮ್ಮನ ಮನೆಮುಂದಿನ ಕಟ್ಟೆಯ ಎದುರು. ರಸ್ತೆ ಅಗಲ ಮಾಡುವವರು ಅದಕ್ಕೆ ಕೆಂಪು ಗುರುತು ಹಾಕಿ ಹೋಗಿದ್ದರು. ವಾರದೊಳಗೆ ಕಟ್ಟೆ ಕೀಳಬೇಕು. ಗಣಿಯಲ್ಲಿ ಕಲ್ಲು ಸೀಳುತ್ತಿದ್ದ ಭಾವ ತಾನೇ ಆರಿಸಿ ತಂದ ಶಹಾಬಾದಿ ಹಾಸುಗಲ್ಲುಗಳನ್ನು ಜೋಡಿಸಿ ಕಟ್ಟಿದ್ದು. ಭಾವ ಈಗಿಲ್ಲ. ನೆನಪನ್ನು ಅಷ್ಟಾಗಿ ನಂಬದೆ ನಲವತ್ತು ವರ್ಷ ದಿನಚರಿ ಬರೆದುಕೊಂಡು ಬಂದವನು ನಾನು. ಕಟ್ಟೆಯನ್ನಾದರೂ ಇದ್ದದ್ದು ಇದ್ದ ಹಾಗೆ ಉಳಿಸಿಕೊಳ್ಳೋಣವೆಂದು ಚಿತ್ತಾಪುರದಿಂದ ಬಸ್ಸು ಹತ್ತಿದೆ.

ಉಪಾಯ ಅಕ್ಕನ ಮಗಳು ರೇಖಾಳದು. ವಸ್ತುವಿನ ಸುತ್ತ ನಡೆಯುತ್ತ ಮೊಬೈಲಿನಲ್ಲಿ ನೂರಾರು ಫೋಟೋ ತೆಗೆದರೆ ಸಾಕು, ಒಂದರಲ್ಲಿನ ಕಲೆ ಇನ್ನೊಂದರಲ್ಲಿ ಎಲ್ಲಿದೆಯೆಂದು ತಾನೇ ಹುಡುಕಿ ಹೊಂದಿಸಿ, ಬೆರಳಿನಿಂದ ಎತ್ತ ಬೇಕಾದರೂ ತಿರುಗಿಸಿ ನೋಡಬಹುದಾದ ಆಕೃತಿಯನ್ನು ಯಂತ್ರವೇ ಕಟ್ಟಿಕೊಡುತ್ತದಂತೆ. ಸುದ್ದಿ ಕೇಳಿದ ಅಕ್ಕ ಬೆಳಿಗ್ಗೆಯೇ ಕಟ್ಟೆಯನ್ನು ತಿಕ್ಕಿ ತೊಳೆದು, ಎಣ್ಣೆ ಸವರಿ, ಕನ್ನಡಿ ಮಾಡಿಟ್ಟಿದ್ದಳು. ನಾನು ಭಕ್ತಿಯಿಂದ ಪ್ರದಕ್ಷಿಣೆ ಹಾಕಿದೆ, ಸೊಂಟ ಹಿಡಿಯಿತು, ಪರದೆಯ ಮೇಲೆ ಮೂಡಿದ್ದು ಇಲಿ ಕಡಿದ ರೊಟ್ಟಿಯಂತೆ ನಡುವೆ ತೂತು ಬಿದ್ದ ಒಂದು ವಸ್ತು.

“ಯವ್ವಾ, ಇದಕ್ಕ ಕಲಿ ಬೇಕು, ಗೆರಿ ಬೇಕು. ನೀ ಎಲ್ಲಾ ತೊಳದ್ರ ಅದೇನ್ ನೋಡಬೇಕು?” ಎಂದಳು ರೇಖಾ.

“ಫೋಟೋ ತೆಗಿತೀವಿ ಅಂತ ಹೇಳಿ, ಈಗ ಹೊಲಸ ಇಡಬೇಕಾಗಿತ್ತು ಅಂತೀರಿ. ಛಲೋ ಅದ ನಿಮ್ಮ ಓದು.”

ಗೊಣಗುತ್ತಲೇ ಅಕ್ಕ ಜೋಳದ ಹಿಟ್ಟು ತಂದು ಉದುರಿಸಿದಳು. ಎಣ್ಣೆಗೆ ಹಿಟ್ಟು ಹತ್ತಿ ಕಲ್ಲಿನ ಮೈಯೆಲ್ಲ ಚುಕ್ಕೆಯಾಯಿತು. ಎರಡನೆಯ ಸುತ್ತಿಗೆ ಕಟ್ಟೆ ಇಡಿಯಾಗಿ ಒಡಮೂಡಿತು.

ನೀವು ನಗಬಹುದು, ಆ ಪುಟ್ಟ ಕಟ್ಟೆಯನ್ನು ಬೆರಳಿನಿಂದ ತಿರುಗಿಸುತ್ತ ನಾನು ಹಳೆಯ ಸಂಜೆಗಳಿಗೆ ಹೋಗಿಬಿಟ್ಟೆ. ಮೈಮೇಲೆ ಕಲ್ಲಿನ ಪುಡಿ ಹೊತ್ತು ಬರುತ್ತಿದ್ದ ಭಾವ, ಬೀಡಿಯ ಹೊಗೆ, ವಾಡಿಯ ಕಡೆಯಿಂದ ಕೇಳುವ ರೈಲಿನ ಕೂಗು, ಮುಗಿಯದ ಹರಟೆ. “ಅಕ್ಕಾ, ಈ ಮೂಲ್ಯಾಗ ನೀ ಕುಂದರ್ತಿದ್ದಿ,” ಎಂದೆ.

ಅಕ್ಕ ಕಣ್ಣೆತ್ತಿದಳು. “ನಾ ಯಾವಾಗ ಕುಂತಿದ್ದೆ? ಗಂಡಸರು ಕುಂದ್ರೋ ಕಟ್ಟಿ ಅದು. ನಾ ತೊಳೀತಿದ್ದೆ.”

ವಾದಿಸಬೇಕೆನ್ನಿಸಿತು. ಅವಳು ಅಲ್ಲಿ ಕೂತಿದ್ದ ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಸೆರಗಿನ ಬಣ್ಣವನ್ನೂ ಹೇಳಬಲ್ಲವನಾಗಿದ್ದೆ. ಮನೆಗೆ ಮರಳಿ ದಿನಚರಿ ತೆರೆದೆ: ಹರಟೆಯ ವಿಷಯ, ಬಂದವರ ಹೆಸರು, ಗಾಳಿ ಬೀಸಿದ ದಿಕ್ಕು ಸಹ ಇದ್ದವು, ಕಟ್ಟೆಯ ಮೇಲೆ ಅಕ್ಕ ಒಂದು ಪುಟದಲ್ಲೂ ಇರಲಿಲ್ಲ. ಕಾಣದ ಜಾಗದಲ್ಲಿ ಯಂತ್ರ ಪ್ರಾಮಾಣಿಕವಾಗಿ ತೂತು ಬಿಡುತ್ತದೆ. ನಾನು ಅಂಥದೊಂದು ತೂತಿನಲ್ಲಿ ಅಕ್ಕನನ್ನು ಸೆರಗು ಹೊದಿಸಿ ಕೂರಿಸಿದ್ದೆ.

ನಾಲ್ಕು ದಿನ ಬಿಟ್ಟು ಮತ್ತೆ ಹೋದಾಗ, ಭಾವನ ಗಣಿಯ ಗೆಳೆಯರು ಕಲ್ಲುಗಳನ್ನು ಎಬ್ಬಿಸಿ ಹಿತ್ತಲಿಗೆ ಸಾಗಿಸಿದ್ದರು. ಅಕ್ಕನೇ ಅವರನ್ನು ಕರೆಸಿದ್ದಳು. ರೇಖಾಳ ಮೊಬೈಲು ನೋಡಿ ನೋಡಿ ಹಿಂದಿನ ಕ್ರಮದಲ್ಲೇ ಜೋಡಿಸುತ್ತಿದ್ದರು. ಕೊನೆಯ ಕಲ್ಲು ಬಾಕಿಯಿರುವಾಗಲೇ ಅಕ್ಕ ಬಂದು ಕೂತಳು.

“ಏಳ್ರಿ ಶಾಂತಮ್ಮಾ, ಇನ್ನೊಂದು ಕಲ್ಲು ಕೂಡಸೋದು ಅದ,” ಎಂದನೊಬ್ಬ.

“ಕೂಡಸ್ರಿ, ಅವಸರ ಏನದ,” ಎಂದವಳು ಏಳದೆಯೇ ನನ್ನತ್ತ ತಿರುಗಿದಳು. “ತಮ್ಮಾ, ಎಲ್ಲರಿಗೂ ಚಾ ಮಾಡ್ಕೊಂಡ ಬಾ. ಸಕ್ಕರಿ ಡಬ್ಬಿ ಮ್ಯಾಲಿನ ಹಲಗಿ ಮ್ಯಾಗ ಅದ.”

ಇಷ್ಟು ವರ್ಷ ಬಂದುಹೋದ ಮನೆಯಲ್ಲಿ, ಆ ಹಲಗೆ ಯಾವುದೆಂದು ಹುಡುಕಲು ನನಗೆ ಬಹಳ ಹೊತ್ತು ಹಿಡಿಯಿತು.