ಠಣ್ಣಪ್ಪನ ಬೀದಿಗೆ ಬಂದ ಹುಕುಂ

ಠಣ್ ಠಣ್ ಎಂದು ಬಡಿದು ತಾಮ್ರದ ಹಂಡೆ ಮಾಡುವ ಠಣ್ಣಪ್ಪನಿಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರು ಹಿಡಿದು ಕರೆದರೆ ಅವನಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ. ಎಂಟನೆಯ ವಯಸ್ಸಿಗೆ ಸುತ್ತಿಗೆ ಹಿಡಿದವನ ಕಿವಿ ನಲವತ್ತಕ್ಕೆಲ್ಲ ಮುಚ್ಚಿಹೋಗಿತ್ತು. ಬಲಗಿವಿಗೆ ಬಾಯಿಟ್ಟು ಕೂಗಿದರೆ ಒಂದಿಷ್ಟು ಒಳಗೆ ಇಳಿಯುತ್ತಿತ್ತು. ಉಳಿದದ್ದನ್ನು ಎದುರಿಗಿದ್ದವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. "ಇವನಿಗೆ ಗುಟ್ಟು ಹೇಳೋಕೆ ಹೋದ್ರೆ ಮೂರು ಬೀದಿಗೆ ಹೇಳಿದ ಹಾಗೆ" ಎಂದು ಎದುರಂಗಡಿಯ ಕಲಾಯಿಯವನು ನಗುತ್ತಿದ್ದ. ಅದನ್ನೂ ತುಟಿಯಲ್ಲೇ ಓದಿ ಠಣ್ಣಪ್ಪನೂ ನಗುತ್ತಿದ್ದ.

ಬೀದಿಯ ಹಿಂದಿನ ದಿಬ್ಬದ ಮೇಲೆ ಬಿಳಿ ದೊರೆಯ ಹೊಸ ಬಂಗಲೆ ಎದ್ದ ವರ್ಷ, ಮೂಲೆಯ ಗೋಡೆಗೆ ಒಂದು ಕಾಗದ ಅಂಟಿತು. ದಫೇದಾರ ಅದನ್ನು ಓದಿ ಹೇಳಿದ. ಬಂಗಲೆಯಿಂದ ನಾನೂರು ಗಜದೊಳಗೆ ಪರವಾನಗಿಯಿಲ್ಲದೆ ಬಡಿಯುವುದು, ಬಾರಿಸುವುದು, ಕೂಗುವುದು ಅಪರಾಧ. ಐದು ಜನ ಒಂದೆಡೆ ಸೇರುವುದೂ ಅಪರಾಧ.

ಹೆಂಡತಿ ಅದನ್ನು ಕಿವಿಗೆ ಹೇಳಿದಾಗ ಠಣ್ಣಪ್ಪ ತನ್ನ ಎಂದಿನ ಜೋರು ಗಂಟಲಲ್ಲೇ ಕೇಳಿದ: "ಹಾಗಾದ್ರೆ ಹಂಡೇನ ಮುದ್ದು ಮಾಡಿ ಹಿಗ್ಗಿಸೋದಾ?"

ಅವಳು ಗಾಬರಿಯಿಂದ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಪರವಾನಗಿಯ ಅರ್ಜಿ ಮೂರು ಸಲ ಹಾಗೆಯೇ ವಾಪಸು ಬಂತು. ಬೀದಿಯವರು ಒದ್ದೆ ಗೋಣಿ ಹಾಸಿಕೊಂಡು ಬಡಿದರು. ತಗಡು ಬಗ್ಗಲಿಲ್ಲ, ಹಂಡೆಯ ಹೊಟ್ಟೆ ಸೊಟ್ಟಗಾಯಿತು. ಪೇದೆ ದಿನಕ್ಕೆರಡು ಬಾರಿ ಬಂದು ಬೆರಳು ಚಾಚಿ ತಲೆ ಎಣಿಸುತ್ತಿದ್ದ. ಕೊಡ ಕೊಳ್ಳಲು ಬಂದ ಹೆಂಗಸರು ಒಬ್ಬರು ಹೆಚ್ಚಾದರೆ ಸಾಕು, ಕೊನೆಯವಳು ಯಾರಿಗೂ ಸಂಬಂಧವಿಲ್ಲದವಳಂತೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು.

ಠಣ್ಣಪ್ಪನನ್ನು ಹೆದರಿಸಿದ್ದು ಇವು ಯಾವುವೂ ಅಲ್ಲ. ಜನ ತುಟಿ ಆಡಿಸುವುದನ್ನೇ ಬಿಡತೊಡಗಿದ್ದರು. ಹಲ್ಲು ಕಚ್ಚಿಕೊಂಡು, ಗದ್ದ ಎದೆಗೊತ್ತಿ ಮಾತಾಡುತ್ತಿದ್ದರು. ಕಲಾಯಿಯವನ ಮುಖ ಕೂಡ ಬಾಗಿಲು ಹಾಕಿದ ಮನೆಯಂತಾಗಿತ್ತು. ಕಿವಿ ಹೋದಾಗಲೂ ಅವನಿಗೆ ಇಷ್ಟು ಕಿವುಡಾದಂತೆ ಅನಿಸಿರಲಿಲ್ಲ.

ಒಂದು ಮಧ್ಯಾಹ್ನ ಕಲಾಯಿಯವನೂ ಇನ್ನೂ ಮೂವರು ಕಸುಬಿನವರೂ ಠಣ್ಣಪ್ಪನ ಹಿಂದಿನ ಕೋಣೆಗೆ ಬಂದರು. ದೊಡ್ಡ ಕಚೇರಿಗೇ ಬರೆದ ಅರ್ಜಿಗೆ ರುಜು ಹಾಕಬೇಕಿತ್ತು. ನಾಲ್ವರು ಕೂತರೆ ತಪ್ಪಿಲ್ಲವೆಂದು ಲೆಕ್ಕ ಹಾಕಿಯೇ ಬಂದಿದ್ದರು. ಆದರೆ ಮನೆ ಅವನದು. ಬಂದವರಿಗೆ ನೀರು ಕೊಡಲು ಚೊಂಬು ಹಿಡಿದು ಅವನೂ ಒಳಗೆ ಬಂದ.

ಹೊರಗೆ ಹೋಗೆಂದು ಅವರು ಕೈಸನ್ನೆ ಮಾಡಿದರು. ತನ್ನಿಂದ ಏನೋ ಮುಚ್ಚಿಡುತ್ತಿದ್ದಾರೆಂದು ಅವನಿಗೆ ಕಸಿವಿಸಿಯಾಯಿತು.

"ಏನದು ಕಾಗದ? ದೊರೆ ಮೇಲೆ ಅರ್ಜಿನಾ?"

ಅವನ ದನಿಗೆ ಗೂಡಿನ ದೀಪವೇ ಅಲುಗಿತು. ಕಲಾಯಿಯವನು ದಿಕ್ಕು ತೋಚದೆ ಅವನ ಕಿವಿಗೆ ಬಾಯಿಟ್ಟು ಕಿರುಚಿದ: "ನೀನು ಐದನೆಯವನು ಮಾರಾಯ, ಆಚೆ ಹೋಗು!"

ಈ ಮಾತು ಚೆನ್ನಾಗಿಯೇ ಕೇಳಿಸಿತು. ಆದರೆ ಅಷ್ಟರಲ್ಲಿ ನಾಲ್ವರ ಕಣ್ಣೂ ಅವನ ಬೆನ್ನ ಹಿಂದೆ ನೆಟ್ಟಿದ್ದವು. ತಿರುಗಿದ. ಮೊದಲು ಬೆತ್ತ ಒಳಗೆ ಬಂತು, ಆಮೇಲೆ ದಫೇದಾರ. ಆತ ನಿಧಾನವಾಗಿ, ತುಟಿ ಬಿಡಿಸಿ ಎಣಿಸಿದ. ಎಷ್ಟೋ ದಿನದ ಮೇಲೆ ಠಣ್ಣಪ್ಪ ಒಂದು ಮಾತನ್ನು ಪೂರ್ತಿ ಓದಿದ: ಒಂದು, ಎರಡು, ಮೂರು, ನಾಲ್ಕು. ಬೆತ್ತ ಅವನ ಎದೆಗೆ ತಾಗಿತು. ಐದು.

ಮ್ಯಾಜಿಸ್ಟ್ರೇಟ್ ಕುರ್ಚಿಯಲ್ಲಿ ಕೂತಿದ್ದದ್ದು ಅದೇ ದೊರೆ. ದುಭಾಷಿಯ ಮೀಸೆ ತುಟಿಯ ಮೇಲೆ ಇಳಿಬಿದ್ದಿತ್ತು. ಏನು ಕೇಳುತ್ತಿದ್ದಾರೆಂದೇ ಠಣ್ಣಪ್ಪನಿಗೆ ತಿಳಿಯಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ ಸ್ವಾಮಿ" ಎಂದ.

ಆ ದನಿ ಕಚೇರಿಯ ಚಾವಣಿಗೆ ಬಡಿದು ವಾಪಸು ಬಂತು. ದೊರೆ ಬರೆಯುತ್ತಿದ್ದ ಲೇಖನಿ ನಿಲ್ಲಿಸಿ ತಲೆಯೆತ್ತಿ ನೋಡಿದ. "ಅವರಿಗೆ ಕಿವಿ ಕೇಳಲ್ಲ ಬುದ್ಧಿ" ಎಂದು ಹೆಂಡತಿ ಹಿಂದಿನಿಂದ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಅಂದು ಕೋಣೆಯಲ್ಲಿ ಕೂಗಿದವನು ತಾನು, ಠಣ್ಣಪ್ಪನಿಗೆ ಅರ್ಜಿಯ ಸುದ್ದಿಯೇ ಗೊತ್ತಿರಲಿಲ್ಲವೆಂದು ಕಲಾಯಿಯವನು ಹೇಳಬಹುದಿತ್ತು. ಅವನು ತನ್ನ ಹೆಬ್ಬೆರಳನ್ನೇ ನೋಡುತ್ತ ನಿಂತ. ನಾಲ್ವರು ಮತ್ತೆ ಸೇರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಹೋದರು. ಜಾಗ ಕೊಟ್ಟವನೆಂದು ಠಣ್ಣಪ್ಪನಿಗೆ ಮೂರು ತಿಂಗಳ ಸಜೆಯಾಯಿತು.

ಅವನು ಬಿಡುಗಡೆಯಾಗಿ ಬಂದಾಗ ಬೀದಿಯ ಅರ್ಧ ಅಂಗಡಿಗೆ ಹಲಗೆ ಬಿದ್ದಿತ್ತು. ಕಲಾಯಿಯವನು ಬಂದು ಪಕ್ಕದಲ್ಲಿ ಕೂತು, ತಲೆ ತಗ್ಗಿಸಿ, ಬಹಳ ಹೊತ್ತು ಏನೋ ಹೇಳಿದ. ಒಂದಕ್ಷರವೂ ಠಣ್ಣಪ್ಪನಿಗೆ ಸಿಗಲಿಲ್ಲ. ಕೇಳಿಸಿತೆಂಬಂತೆ ಅವನ ಬೆನ್ನು ಸವರಿದ.

ಗಂಡ ಹೆಂಡತಿ ಹಂಡೆ ಬಡಿಯುವ ಅಡಿಗಲ್ಲು ಕಿತ್ತುಕೊಂಡು ಊರಾಚೆಯ ಇಟ್ಟಿಗೆ ಗೂಡಿನ ಬಳಿ ಗುಡಿಸಲು ಹಾಕಿದರು. ಅಲ್ಲಿ ಬಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮರುವರ್ಷ ಒಂದು ಬೆಳಿಗ್ಗೆ, ಬಯಲಿನ ಆ ಕಡೆಯಿಂದ ಇಬ್ಬರು ಸರಪಳಿ ಹಿಡಿದು ನೆಲ ಅಳೆಯುತ್ತ ಬರುತ್ತಿದ್ದರು. ಅವರ ಹಿಂದೆ ಗೂಟದ ಕಟ್ಟು ಹೊತ್ತ ಪೇದೆ. ದಿಬ್ಬದ ಬಂಗಲೆ ಏಳುವ ಮೊದಲೂ ಹೀಗೆಯೇ ಬಂದಿದ್ದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಗಂಡನೂ ನೋಡಿದ್ದ. ಶುಕ್ರವಾರಕ್ಕೆ ಕೊಡಬೇಕಾದ ಹಂಡೆಯಿತ್ತು. ಅವನು ಅದನ್ನು ಮಗುಚಿ ಹಾಕಿಕೊಂಡು, ಮೊದಲಿಗಿಂತ ಬಿರುಸಾಗಿ ಬಡಿಯತೊಡಗಿದ.