ವಾಸಿಯಾದವರಿಗೆ ಕಾಫಿ ಇಲ್ಲ

ಡಾಕ್ಟರಮ್ಮನ ಬಿಳಿ ಕೋಟಿನ ಜೇಬಿನಿಂದ ಕಾಫಿ ಸೋಸುವ ಬಟ್ಟೆಯ ತುದಿ ಇಣುಕುತ್ತಿತ್ತು. ಎಷ್ಟು ಒಗೆದರೂ ಕಂದು ಬಣ್ಣ ಬಿಡದ ಬಟ್ಟೆ. ಅವರು ನಮ್ಮ ಕಡೆಯವರು. ಕಾಶಿಯ ದೊಡ್ಡಾಸ್ಪತ್ರೆಯಲ್ಲಿ ಕೆಲಸ. ವಾರಕ್ಕೆ ಮೂರು ಬೆಳಿಗ್ಗೆ ಹನುಮಾನ್ ಘಾಟಿನ ನಮ್ಮ ಧರ್ಮಶಾಲೆಗೆ ಬಂದು, ಕ್ಷಯ ತಗುಲಿದ ಮುದುಕಿಯರಿಗೆ ಕಣ್ಣೆದುರೇ ಮಾತ್ರೆ ನುಂಗಿಸುತ್ತಿದ್ದರು.

ಮಕ್ಕಳೇ, ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಅಲ್ಲಿದ್ದೆ. ನನಗೂ, ನನ್ನ ಕೋಣೆಯಲ್ಲಿದ್ದ ದೊಡ್ಡಮ್ಮನಿಗೂ ಆ ಕಾಯಿಲೆ ಹಿಡಿಯಿತು. ದೊಡ್ಡಮ್ಮ ನೆಂಟರಲ್ಲ, ವಯಸ್ಸಿಗೆ ಹಾಗೆ ಕರೆಯುತ್ತಿದ್ದೆ. ಕಾಶಿಗೆ ಹೋದವರು ಇಷ್ಟದ ತಿನಿಸೊಂದನ್ನು ಬಿಡಬೇಕಲ್ಲ, ಆಕೆ ಹಾಗಲಕಾಯಿ ಬಿಟ್ಟಿದ್ದಳು!

“ಸಾಯಕ್ಕೇ ಬಂದೋಳಿಗೆ ಮಾತ್ರೆ ಯಾಕವ್ವ?” ಎಂದು ಮೊದಲ ದಿನವೇ ಕೇಳಿದಳು.

“ಮಾತ್ರೆಗೆ ಬರಬೇಡಿ, ಕಾಫಿಗೆ ಬನ್ನಿ,” ಎಂದರು ಡಾಕ್ಟರಮ್ಮ. “ಮಧ್ಯೆ ಮಾತ್ರೆ ಅಡ್ಡ ಬಂದ್ರೆ ನುಂಗ್ಬಿಡಿ.”

ನುಂಗಿ ನಾಲಿಗೆ ಎತ್ತಿ ತೋರಿಸಿದರೆ ಲೋಟದ ತುಂಬ ಕಾಫಿ. ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿದು ಬೇಸತ್ತಿದ್ದ ನಮಗೆ ಅದು ಅಮೃತ. ಕುಡಿಯುವಷ್ಟು ಹೊತ್ತು ಪಕ್ಕದಲ್ಲೇ ಕೂತು, ಕನ್ನಡದಲ್ಲಿ ನಮ್ಮ ನಿದ್ದೆ, ಮಂಡಿನೋವು, ಸೊಸೆಯರ ಸುದ್ದಿ ಕೇಳುತ್ತಿದ್ದರು. ನನ್ನನ್ನು ಅಷ್ಟು ಕೇಳಿದವರು ಬೇರೆ ಯಾರೂ ಇಲ್ಲ.

ಆರು ತಿಂಗಳಿಗೆ ನನಗೆ ವಾಸಿಯಾಯಿತು. “ನೀವಿನ್ನು ಬರೋದು ಬೇಡಮ್ಮ,” ಎಂದು ಬೆನ್ನು ತಟ್ಟಿದರು. ಊರಿನಿಂದ ಬರುವ ಪುಡಿ ಸ್ವಲ್ಪ, ರೋಗವಿದ್ದವರಿಗಷ್ಟೇ ಕಾಫಿ. ಆ ಬೆಳಿಗ್ಗೆಗಳಲ್ಲಿ ನಾನೊಬ್ಬಳೇ ಕೋಣೆಯಲ್ಲಿ ಕೂರುವುದನ್ನು ದೊಡ್ಡಮ್ಮ ನೋಡಿದಳು. ಆಕೆಯ ಔಷಧಿ ಇನ್ನೂ ಎರಡು ತಿಂಗಳಿತ್ತು.

ಒಂದು ದಿನ ಘಾಟಿನ ಮೆಟ್ಟಿಲ ಮೇಲೆ, ಹಲ್ಲು ಬಿದ್ದ ಸಂದಿಯಿಂದ ಮಾತ್ರೆ ತೆಗೆದು ನೀರಿಗೆಸೆದಳು.

“ಅಯ್ಯೋ ದೊಡ್ಡಮ್ಮ!”

“ಸುಮ್ಕಿರೇ. ವಾಸಿಯಾದ್ರೆ ನನ್ನೂ ನಿನ್ನಂಗೇ ಮೂಲೇಗೆ ಕೂರಿಸ್ತಾರೆ.”

ಡಾಕ್ಟರಮ್ಮನಿಗೆ ಹೇಳದೆ ಸುಮ್ಮನಿದ್ದೆ. ಓದಿದವರ ಮುಂದೆ ಮಾತಾಡಲು ನನಗೆ ಮೊದಲಿನಿಂದಲೂ ಸಂಕೋಚ.

ಚಳಿಗಾಲಕ್ಕೆ ಆಕೆ ರಕ್ತ ಕೆಮ್ಮಿದಳು. ಹಳೆಯ ಮಾತ್ರೆ ನಾಟಲಿಲ್ಲ, ಬೇರೆಯದೂ ಹಿಡಿಯಲಿಲ್ಲ. ಆಗ ಮಾತ್ರೆ ಎಸೆದದ್ದನ್ನು ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. “ರೋಗ ಇದ್ರೆ ಕಾಫಿ, ಹೋದ್ರೆ ಇಲ್ಲ. ಹಾಗಂತ ಮಾಡಿದ್ದು ನಾನೇ ಅಲ್ವಾ,” ಎಂದರು.

ಕೊನೆಯ ದಿನ ಬಾಯಿಗೆ ಗಂಗೆ ಬಿಡಲು ಹೋದರೆ ದೊಡ್ಡಮ್ಮ ಬೇಡವೆಂದು ತಲೆಯಾಡಿಸಿ ಡಾಕ್ಟರಮ್ಮನ ಜೇಬು ನೋಡಿದಳು. ಅವರು ಓಡಿಹೋಗಿ ಹಾಲು ಒಲೆಗಿಟ್ಟರು. ಉಕ್ಕುವಷ್ಟರಲ್ಲಿ ಆಕೆ ಹೋಗಿದ್ದಳು.

ಆಮೇಲೆ ಡಾಕ್ಟರಮ್ಮ ಕಾಫಿ ನಿಲ್ಲಿಸಿದರು. ಮಾತ್ರೆಗೆ ಬರುವವರೂ ನಿಂತರು. ಕೋಣೆ ಕೋಣೆಗೆ ಹೋಗಿ ಕರೆದರೆ, ಸಾಯಲೆಂದೇ ಬಂದವರು ನಾವು ಎಂದು ಬಾಗಿಲು ಹಾಕಿಕೊಂಡರು. ಆ ವರ್ಷ ನಮ್ಮ ಸಾಲಿನಲ್ಲಿ ಮೂರು ಕೋಣೆ ಖಾಲಿಯಾದವು. ಮರುವರ್ಷ ಅವರೂ ಕೆಲಸ ಬಿಟ್ಟು ಹೋದರು. ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ತಿಳಿಯದು.

ನಾನು ಬದುಕಿದ್ದು ಅವರು ತೋರಿಸಿದ ಕಾಫಿಯ ಆಸೆಗೆ. ದೊಡ್ಡಮ್ಮ ಹೋದಮೇಲೆ ಅದನ್ನು ಮುಟ್ಟಿಲ್ಲ. ಅಜ್ಜಿ ಕಾಫಿಯನ್ನು ಕಾಶಿಯಲ್ಲಿ ಬಿಟ್ಟು ಬಂದಳು, ಎಂಥ ಪುಣ್ಯವಂತೆ ಎಂದು ಮನೆಗೆ ಬಂದವರೆಲ್ಲ ಅನ್ನುತ್ತಾರೆ. ಅದಕ್ಕೂ ನಾನು ಸುಮ್ಮನೇ ಇದ್ದೇನೆ.