ಖಾಲಿ ಉಳಿದ ಎರಡು ಚೌಕ

ಪದಬಂಧವನ್ನು ನಾನು ಪೆನ್ನಿನಲ್ಲೇ ತುಂಬುತ್ತೇನೆ. ಪೆನ್ಸಿಲ್ ಹಿಡಿಯುವವರು ಉತ್ತರ ಬರೆಯುವ ಮೊದಲೇ ತಪ್ಪಾಯಿತು ಎಂದು ಕೈಮುಗಿದಿರುತ್ತಾರೆ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಸಾಮಾನ್ಯ ಜ್ಞಾನದ ಪದಬಂಧ ಇರುವ ಹಾಳೆಯನ್ನು ಬೇರೆ ಮಾಡಿ ಕಾಫಿ ಲೋಟದ ಪಕ್ಕ ಇಟ್ಟುಕೊಳ್ಳುತ್ತೇನೆ. ಉಳಿದ ಹಾಳೆಗಳನ್ನು ಅಳಿಯ ಓದಿಕೊಳ್ಳಲಿ. ಗೊತ್ತಿಲ್ಲದ್ದನ್ನು ಫೋನಿನಲ್ಲಿ ಹುಡುಕುವುದಿಲ್ಲ. ಚೌಕ ಖಾಲಿ ಇರುತ್ತದೆ, ಮಾರನೆಯ ದಿನ ಉತ್ತರ ಅಚ್ಚಾಗಿ ಬರುತ್ತದೆ, ಅಷ್ಟರಲ್ಲಿ ನನಗೇನೂ ರೈಲು ತಪ್ಪಿಹೋಗುವುದಿಲ್ಲ.

"ಫೋನಲ್ಲಿ ಹೊಡೆದ್ರೆ ಎರಡು ಸೆಕೆಂಡಲ್ಲಿ ಬರುತ್ತೆ ಅತ್ತೆ" ಎಂದು ಅಳಿಯ ಆಗಾಗ ಹೇಳುತ್ತಾನೆ. ಒಳ್ಳೆಯ ಹುಡುಗ, ಆದರೆ ಅವನಿಗೆ ಹೆಂಡತಿಯ ನಂಬರು ಕೂಡ ಬಾಯಿಗೆ ಬರುವುದಿಲ್ಲ. ನಾನು ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಮೊದಲು ದೂರದ ಊರುಗಳಿಗೆ ಟ್ರಂಕ್ ಕಾಲ್ ಜೋಡಿಸುತ್ತಿದ್ದೆ, ಆಮೇಲೆ ವಿಚಾರಣೆ ವಿಭಾಗದಲ್ಲಿ ಕೂತೆ. ಯಾವ ಊರು ಯಾವ ಜಿಲ್ಲೆಗೆ ಸೇರಿದ್ದು, ಎಲ್ಲಿಗೆ ಯಾವ ಊರಿನ ಮೂಲಕ ಲೈನ್ ಸಿಗುತ್ತದೆ ಎನ್ನುವುದೆಲ್ಲ ತಲೆಯಲ್ಲೇ ಇರಬೇಕಿತ್ತು. ಪುಸ್ತಕ ತೆಗೆದು ನೋಡುವಷ್ಟರಲ್ಲಿ ಆ ಕಡೆಯವರು ನಮ್ಮ ಇಡೀ ವಂಶವನ್ನು ಬೈದು ಮುಗಿಸಿರುತ್ತಿದ್ದರು.

ಈಗ ನನಗೆ ಅರವತ್ತೊಂಬತ್ತು. ಬನಶಂಕರಿ ಎರಡನೇ ಹಂತದಲ್ಲಿ ಮಗಳು, ಅಳಿಯನ ಜೊತೆ ಇದ್ದೇನೆ. ತರಕಾರಿಗೆ, ಔಷಧಿಗೆ, ಹಳೆಯ ಸಹೋದ್ಯೋಗಿಗಳ ಮನೆಗೆ ನನ್ನ ಸ್ಕೂಟರಿನಲ್ಲೇ ಹೋಗಿ ಬರುತ್ತೇನೆ. ಇಲ್ಲಿ ಹೇಳಹೊರಟಿರುವುದು ಆ ಸ್ಕೂಟರು ನನ್ನ ಕೈತಪ್ಪಿದ ನಾಲ್ಕು ತಿಂಗಳ ಕಥೆ.

ತಪ್ಪು ನನ್ನದೇ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದು ಭಾನುವಾರ ಜಯನಗರ ನಾಲ್ಕನೇ ಬ್ಲಾಕಿಗೆ ಅವರೆಕಾಯಿ ತರಲು ಹೋಗಿದ್ದೆ. ಅವತ್ತಿನ ಪದಬಂಧದಲ್ಲಿ ಒಂದು ಸುಳಿವು ಬಾಕಿ ಉಳಿದಿತ್ತು. ದಕ್ಷಿಣ ಅಮೆರಿಕದ ಎತ್ತರದಲ್ಲಿರುವ ಸರೋವರ, ನಾಲ್ಕು ಚೌಕ, ಎರಡನೆಯದು 'ಟಿ', ಕೊನೆಯದು 'ಕಾ'. ಅವರೆಕಾಯಿ ಕೊಂಡದ್ದು ನೆನಪಿದೆ, ಅದರ ಸೊಗಡು ಮೂಸಿ ನೋಡಿದ್ದೂ ನೆನಪಿದೆ. ಆಮೇಲೆ ಕಾಲು ತನ್ನ ಹಳೆಯ ಅಭ್ಯಾಸದ ದಾರಿ ಹಿಡಿಯಿತು. ಎಕ್ಸ್‌ಚೇಂಜಿನ ದಿನಗಳಲ್ಲಿ ನಿತ್ಯ ನಿಲ್ಲುತ್ತಿದ್ದ ಸ್ಟಾಪಿಗೆ ಹೋಗಿ, ಬಂದ ಬಸ್ಸು ಹತ್ತಿ, ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ ಇಸಿದುಕೊಂಡು ಕೂತೆ.

ಬಸ್ಸು ಬನಶಂಕರಿ ಹತ್ತಿರ ಬರುವಾಗ "ಟಿಟಿಕಾಕಾ" ಎಂದೆ, ಜೋರಾಗಿಯೇ. ಪಕ್ಕದಲ್ಲಿದ್ದ ಹುಡುಗಿ ಇಯರ್‌ಫೋನ್ ತೆಗೆದು "ಏನ್ ಆಂಟಿ?" ಎಂದಳು. ಏನಿಲ್ಲಮ್ಮ ಎಂದು ಟಿಕೆಟಿನ ಹಿಂದೆ ಬರೆದುಕೊಂಡೆ. ಗೇಟು ತೆಗೆದಾಗ ಮಗಳು ಗಿಡಕ್ಕೆ ನೀರು ಹಾಕುತ್ತಿದ್ದಳು.

"ಅಮ್ಮ, ಗಾಡಿ ಎಲ್ಲಿ?"

ಗಾಡಿ ಜಯನಗರದಲ್ಲಿತ್ತು. ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಅಳಿಯ ಆಟೋದಲ್ಲಿ ಹೋಗಿ ಗಾಡಿ ತಂದ. ಕೀ ನನ್ನ ಕೈಗೆ ಬರಲಿಲ್ಲ, ಅವರ ಬೀರು ಸೇರಿತು. "ಸ್ವಲ್ಪ ದಿನ ಬೇಡ ಅತ್ತೆ, ಟ್ರಾಫಿಕ್ ಜಾಸ್ತಿ" ಎಂದ. ಹಿಂದಿನ ದಿನದವರೆಗೆ ಬೆಂಗಳೂರಿನಲ್ಲಿ ಟ್ರಾಫಿಕ್ಕೇ ಇರಲಿಲ್ಲವೇನೋ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನನ್ನೊಡನೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು, ಅಷ್ಟೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಆಮೇಲಿನ ದಿನಗಳಲ್ಲಿ ಒಂದು ವಿಷಯ ಮಾತ್ರ ನನಗೆ ಖುಷಿ ಕೊಟ್ಟಿತ್ತು. ಮಗಳಿಗೆ ಪದಬಂಧದಲ್ಲಿ ಆಸಕ್ತಿ ಹುಟ್ಟಿತ್ತು. "ಅಮ್ಮ, ಇವತ್ತಿಂದು ಮುಗೀತಾ? ಕೊಡು, ನೋಡ್ತೀನಿ" ಎಂದು ಹಾಳೆಯನ್ನು ಕೇಳಿ ಪಡೆಯುತ್ತಿದ್ದಳು. ಚಿಕ್ಕಂದಿನಲ್ಲಿ ಎಷ್ಟು ಕರೆದರೂ ಪಕ್ಕ ಕೂರದ ಹುಡುಗಿ. ನನ್ನ ಈ ಹುಚ್ಚಿಗೆ ಕೊನೆಗೂ ವಾರಸುದಾರಳು ಸಿಕ್ಕಳು ಎಂದು ಫೋನಿನಲ್ಲಿ ಇಬ್ಬರು ಗೆಳತಿಯರಿಗೆ ಹೇಳಿಕೊಂಡು ಬೀಗಿದ್ದೆ.

ಒಂದು ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಒಂದು ಫೈಲು ಬಿದ್ದಿತ್ತು. ಮಗಳು ಸ್ನಾನಕ್ಕೆ ಹೋಗಿದ್ದಳು, ಅಳಿಯ ಊರಲ್ಲಿರಲಿಲ್ಲ. ಫೈಲಿನ ಮೇಲೆ 'ಅಮ್ಮ' ಎಂದು ಬರೆದಿತ್ತು. ತೆಗೆದೆ. ಮೊದಲಿಗೆ ಜಯನಗರದ ಒಬ್ಬ ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ಚೀಟಿ, ಅದೇ ದಿನ ಹನ್ನೊಂದೂವರೆಗೆ. ಅದರ ಕೆಳಗೆ ನನ್ನ ಪದಬಂಧಗಳು. ಪ್ರತಿಯೊಂದರ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ನಾನು ತಪ್ಪು ಬರೆದಲ್ಲೆಲ್ಲ ಕೆಂಪು ವೃತ್ತ ಹಾಕಿದ್ದಳು.

ಹೊಟ್ಟೆ ಉರಿದುಹೋಯಿತು. ಡಾಕ್ಟರಿಗಿಂತ ಹೆಚ್ಚಾಗಿ ಆ ಖುಷಿ ನೆನಪಾಗಿ ಉರಿಯಿತು. ಅವಳು ನನ್ನ ಜೊತೆ ಆಡುತ್ತಿದ್ದಾಳೆ ಎಂದುಕೊಂಡಿದ್ದೆ, ಅವಳು ನನ್ನನ್ನು ತಿದ್ದುತ್ತಿದ್ದಳು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಕೂತು, ಒಂದೊಂದೇ ಹಾಳೆ ತಿರುವಿ, ಪ್ರತಿ ವೃತ್ತದ ಪಕ್ಕ ಕಾರಣ ಬರೆಯತೊಡಗಿದೆ.

ಅವಳು ತಲೆಗೆ ಟವೆಲ್ ಸುತ್ತಿಕೊಂಡು ಬಂದವಳು ಅಲ್ಲೇ ನಿಂತಳು. "ಅಮ್ಮ, ಅದು... ನಾನೇ ಹೇಳೋಣ ಅಂತಿದ್ದೆ."

"ಯಾವಾಗ? ಡಾಕ್ಟರ್ ಮನೆ ಮೆಟ್ಟಿಲ ಮೇಲಾ? ಕೂತ್ಕೋ."

ಕೂತಳು. ಒಂದು ಹಾಳೆಯನ್ನು ಅವಳ ಮುಂದೆ ತಳ್ಳಿದೆ. ಬಾದಾಮಿ, ಐಹೊಳೆ ಇರುವ ಜಿಲ್ಲೆ, ಐದು ಚೌಕ. ನಾನು ವಿಜಯಪುರ ಎಂದು ಬರೆದಿದ್ದೆ. ಉತ್ತರ ಬಾಗಲಕೋಟೆ. ಅದೊಂದು ಕೆಟ್ಟದ್ದರಿಂದ ಮೇಲಿನಿಂದ ಕೆಳಕ್ಕೆ ಇಳಿಯುವ ಎರಡು ಪದಗಳೂ ಕೆಟ್ಟು ಮೂರು ವೃತ್ತ ಬಿದ್ದಿದ್ದವು.

"ನಾನು ಕೆಲಸಕ್ಕೆ ಸೇರಿದಾಗ ಬಾದಾಮಿ ಬಿಜಾಪುರ ಜಿಲ್ಲೇಲಿತ್ತು. ಬಿಜಾಪುರ ನಾಲ್ಕೇ ಚೌಕ ಆಗುತ್ತೆ. ಊರಿನ ಹೆಸರು ಬದಲಾಯ್ತಲ್ಲ, ಹೊಸ ಹೆಸರು ಹಾಕಿದೆ, ಐದಾಯ್ತು. ಜಿಲ್ಲೆ ಒಡೆದು ಬಾಗಲಕೋಟೆ ಬೇರೆ ಆಗಿದ್ದು ಆ ಹೊತ್ತಿಗೆ ಹೊಳೀಲಿಲ್ಲ. ಇದು ಮರೆವಲ್ಲ ಕಣೇ. ಜಾಸ್ತಿ ನೆನಪಿರೋರು ಮಾಡೋ ತಪ್ಪು. ನಿನ್ನ ಕೇಳಿದ್ರೆ ನೀನು ಯಾವುದೂ ಬರೀತಿರ್ಲಿಲ್ಲ."

ಮುಂದಿನ ಹಾಳೆ. ಸೌರಮಂಡಲದ ಕೊನೆಯ ಗ್ರಹ, ಮೂರು ಚೌಕ. ನಾನು ಎರಡು ಚೌಕದಲ್ಲಿ ಪ್ಲೂಟೊ ಎಂದು ಬರೆದು ಮೂರನೆಯದನ್ನು ಶಾಯಿಯಿಂದ ಮುಚ್ಚಿಬಿಟ್ಟಿದ್ದೆ.

"ನೆಪ್ಚೂನ್ ಅಂತ ನಂಗೆ ಗೊತ್ತು. ಬರೆಯಲ್ಲ. ಪ್ಲೂಟೊನ ಗ್ರಹಗಳ ಪಟ್ಟಿಯಿಂದ ತೆಗೆದುಹಾಕುವಾಗ ನನ್ನನ್ನ ಯಾರೂ ಕೇಳ್ಲಿಲ್ಲ."

ಇಷ್ಟು ಹೊತ್ತಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು, ಅಳು ಬರುವಾಗ ಚಿಕ್ಕಂದಿನಿಂದಲೂ ಹಾಗೆ. ನಾನು ಬಿಡಲಿಲ್ಲ. ಇನ್ನೊಂದು ಹಾಳೆಗೆ ಮೇಲಿಂದ ಕೆಳಗಿನವರೆಗೆ ಕೆಂಪು. ಅವತ್ತು ಪತ್ರಿಕೆಯವರು ಬೇರೆ ಯಾವುದೋ ಪದಬಂಧದ ಉತ್ತರ ಅಚ್ಚು ಹಾಕಿದ್ದರು, ಮರುದಿನ ಮೂಲೆಯಲ್ಲಿ ಎರಡು ಸಾಲಿನ ವಿಷಾದ ಪ್ರಕಟಿಸಿದ್ದರು. ಬಿಡಿಸುವವರಾದರೆ ಚೌಕ ಎಣಿಸಿದ ಕೂಡಲೇ ಗೊತ್ತಾಗುತ್ತಿತ್ತು. ನನ್ನ ಮಗಳು ಚೌಕ ಎಣಿಸಿರಲಿಲ್ಲ. ನನ್ನ ತಲೆ ಪೂರ್ತಿ ಹೋಯಿತು ಎಂದು ತಿಳಿದು ಆ ವಾರವೇ ಡಾಕ್ಟರಿಗೆ ಫೋನ್ ಮಾಡಿದ್ದಳಂತೆ.

"ನಂಗೆ ಭಯ ಆಗಿತ್ತಮ್ಮ" ಎಂದಳು. "ಗಾಡಿ ಬಿಟ್ಟು ಬಂದ್ಯಲ್ಲ. ನಾಳೆ ದಿನ ಮನೆ ದಾರೀನೇ..." ಮಾತು ಪೂರ್ತಿ ಮಾಡದೆ ಎದ್ದು ಒಳಗೆ ಹೋದಳು. ಬೀರು ತೆಗೆದ ಸದ್ದಾಯಿತು. ಬಂದು ಸ್ಕೂಟರಿನ ಕೀಯನ್ನು ನನ್ನ ಮುಂದಿಟ್ಟು, "ಡಾಕ್ಟರ್ ಬೇಡ. ಕ್ಯಾನ್ಸಲ್ ಮಾಡ್ತೀನಿ" ಎಂದಳು.

ಗೆದ್ದಿದ್ದೆ. ಕೀ ಎತ್ತಿಕೊಂಡು ಉಳಿದ ಹಾಳೆಗಳನ್ನು ಫೈಲಿಗೆ ಸೇರಿಸುವಾಗ ಒಂದರ ಮೇಲೆ ಕಣ್ಣು ನಿಂತಿತು. ಅದರಲ್ಲಿ ಒಂದೂ ಕೆಂಪು ವೃತ್ತ ಇರಲಿಲ್ಲ. ಖಾಲಿ ಚೌಕಗಳಿಗೆ ಮಗಳು ವೃತ್ತ ಹಾಕಿರಲಿಲ್ಲ, ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆಯೇ ಎಂದು ಬಿಟ್ಟಿದ್ದಳು. ಈ ಹಾಳೆಯಲ್ಲಿ ಒಂದೇ ಉತ್ತರ ಖಾಲಿ ಇತ್ತು. ಸುಳಿವು ಓದಿದೆ: ದೂರವಾಣಿಯನ್ನು ಕಂಡುಹಿಡಿದ ವಿಜ್ಞಾನಿ. ಎರಡು ಚೌಕ.

ಮೂವತ್ತೆರಡು ವರ್ಷ ಅವನ ಫೋಟೋದ ಕೆಳಗೆ ಕೂತು ಕೆಲಸ ಮಾಡಿದ್ದೇನೆ. ಪ್ರತಿ ಆಯುಧಪೂಜೆಗೆ ಸ್ವಿಚ್‌ಬೋರ್ಡುಗಳನ್ನು ಒರೆಸಿ, ಬಾಳೆಕಂದು ಕಟ್ಟಿ, ಸೂಪರ್‌ವೈಸರ್ ಕುರ್ಚಿಯ ಹಿಂದಿದ್ದ ಆ ಫೋಟೋಗೆ ಚೆಂಡುಹೂವಿನ ಹಾರ ಹಾಕುತ್ತಿದ್ದೆವು. ಸ್ಟೂಲು ಹತ್ತಿ ಆ ಗಡ್ಡದ ಬಿಳಿಯನ ಹಣೆಗೆ ಗಾಜಿನ ಮೇಲೆ ಕುಂಕುಮ ಇಡುತ್ತಿದ್ದವಳು ನಾನೇ. ಗಡ್ಡ ಕಣ್ಣಮುಂದೆ ಬಂತು, ಕುಂಕುಮ ಬಂತು. ಹೆಸರು ಬರಲಿಲ್ಲ. ಆ ಸುಳಿವನ್ನು ಅವತ್ತು ಓದಿದ ನೆನಪೂ ಇರಲಿಲ್ಲ.

ಇದಕ್ಕೆ ಬರೆಯಲು ನನ್ನ ಬಳಿ ಕಾರಣ ಇರಲಿಲ್ಲ. ಜಿಲ್ಲೆ ಒಡೆದಿರಲಿಲ್ಲ, ಯಾರೂ ಅವನನ್ನು ಪಟ್ಟಿಯಿಂದ ತೆಗೆದಿರಲಿಲ್ಲ, ಅಚ್ಚಿನ ತಪ್ಪೂ ಅಲ್ಲ. ಮಗಳು ಅಡುಗೆಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದಳು. ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೀ ಕೈಯಲ್ಲೇ ಇತ್ತು. ಒಂದು ನಿಮಿಷ ಹಾಗೇ ಮಾಡೋಣ ಎಂದುಕೊಂಡದ್ದೂ ನಿಜ.

ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತುಂಬಿದವಳಲ್ಲ ನಾನು. ಫೈಲಿನ ಜೇಬಿನಲ್ಲಿದ್ದ ಅವಳ ಕೆಂಪು ಪೆನ್ನು ತೆಗೆದು, ಆ ಎರಡು ಚೌಕಗಳ ಸುತ್ತ ನಾನೇ ವೃತ್ತ ಹಾಕಿದೆ. ಅವಳನ್ನು ಕರೆದು ತೋರಿಸಿದೆ. ಸುಳಿವು ಓದಿ ಅವಳು ನನ್ನ ಮುಖ ನೋಡಿದಳು, ಕೈ ಮುಂದೆ ಬಂದು ಅರ್ಧಕ್ಕೇ ನಿಂತಿತು. ಕೀ ವಾಪಸ್ ಕೇಳಲೋ ಬೇಡವೋ ಎಂದು ಅವಳಿಗೆ ತೋಚಲಿಲ್ಲ.

"ಕೀ ಕೊಡಲ್ಲ" ಎಂದೆ. "ಡಾಕ್ಟರ್ ಹತ್ರ ಹೋಗೋಣ. ಇದನ್ನ ನಾನೇ ತೋರಿಸ್ತೀನಿ. ನೀನು ಹಾಕಿದ್ದು ಒಂದೂ ಬೇಡ, ಇದೊಂದೇ ಸಾಕು. ನಾನು ಏನಾದ್ರೂ ಮರೀತಿದೀನಿ ಅಂದ್ರೆ ಅದು ಮೊದಲು ನಂಗೆ ಗೊತ್ತಾಗ್ಬೇಕು, ಆಮೇಲೆ ನಿಂಗೆ. ಓಡಿಸಬೇಡಿ ಅಂತ ಅವರು ನನ್ನ ಮುಖ ನೋಡಿ ಹೇಳ್ಲಿ. ಆಗ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ."

ಇಬ್ಬರೂ ಸ್ಕೂಟರಿನಲ್ಲೇ ಹೋದೆವು. ನಾನು ಓಡಿಸಿದೆ, ಅವಳು ಹಿಂದೆ ಕೂತಿದ್ದಳು. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಅವಳ ಎರಡೂ ಕೈ ನನ್ನ ಸೊಂಟದ ಸುತ್ತ ಇದ್ದವು, ಶಾಲೆಗೆ ಬಿಡುತ್ತಿದ್ದ ಕಾಲದಲ್ಲೂ ಅಷ್ಟು ಬಿಗಿಯಾಗಿ ಹಿಡಿದವಳಲ್ಲ. ನನಗೂ ಭಯವಾಗಿತ್ತು. ದಾರಿಯುದ್ದಕ್ಕೂ ಆ ಹೆಸರಿಗಾಗಿ ತಡಕಾಡಿದೆ, ಸಿಗಲಿಲ್ಲ. ಅದು ಬಂದದ್ದು ಮಾರನೆಯ ದಿನ, ಈರುಳ್ಳಿ ಹೆಚ್ಚುವಾಗ.

ಡಾಕ್ಟರು ಚಿಕ್ಕ ವಯಸ್ಸಿನವರು, ಸೌಮ್ಯ ಮನುಷ್ಯ. ನಾವು ಕೂತ ಮೇಲೆ ಅಪಾಯಿಂಟ್‌ಮೆಂಟ್ ಚೀಟಿ ನೋಡಿ, ನನ್ನನ್ನು ದಾಟಿ ಮಗಳ ಕಡೆ ತಿರುಗಿ, "ಎಷ್ಟು ದಿನದಿಂದ ಹೀಗಿದಾರೆ ಇವರು?" ಎಂದರು.

ಮಗಳು ನನ್ನ ಕಡೆ ನೋಡಿದಳು. ನಾನು ನನ್ನ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಕೆಂಪು ವೃತ್ತದ ಮೇಲೆ ಬೆರಳಿಟ್ಟೆ.

"ನನ್ನನ್ನ ಕೇಳಿ ಡಾಕ್ಟ್ರೇ. ತಪ್ಪು ಕಂಡುಹಿಡಿದಿರೋಳು ನಾನು."